ಅಫ್ರೋಜನ ಮೆತ್ತನೆಯ ಡೆಕ್ಕು

ಅಫ್ರೋಜ ತನ್ನ ಹಳೆಯ ಟೆಂಪೋ ಟ್ರಾವೆಲರ್ ಕೊಟ್ಟು ಬದಲಿಗೆ ಒಂದು ಹಾಯಿದೋಣಿ ತಂದಿದ್ದಾನೆಂಬ ಸುದ್ದಿ ಗೋವಾದ ಚಿಂಬಲ್‌ನ ಓಣಿಗಳಲ್ಲಿ ಹಬ್ಬಿದಾಗ ಮಾನಪ್ಪ ನಂಬಲಿಲ್ಲ. ನವಲಗುಂದ ಕಡೆಯ ಅಫ್ರೋಜನದು ಬಸ್ಸಿನ ವ್ಯವಹಾರ. ವೆರ್ಣಾದ ಕಾರ್ಖಾನೆಗಳಿಗೆ ಪಾಳಿಯ ಕೆಲಸಗಾರರನ್ನು ಒಯ್ದು ತಂದು ಮಾಡುವವನು. ಅವನಿಗೆ ಈಜು ಬಾರದು. ಫೆರಿಯಲ್ಲಿ ಹೊಳೆ ದಾಟುವಾಗಲೂ ಬಸ್ಸಿನಿಂದ ಕೆಳಗಿಳಿಯದೆ, ಸ್ಟೇರಿಂಗ್ ಬಿಗಿಯಾಗಿ ಹಿಡಿದುಕೊಂಡೇ ಕೂರುವ ಗಿರಾಕಿ. ಆದರೆ ಮರುದಿನ ಮಾನಪ್ಪ ಹೊಳೆದಂಡೆಯ ಬೋಟ್ ಯಾರ್ಡಿಗೆ ಕೆಲಸಕ್ಕೆ ಹೋದಾಗ ದೋಣಿ ಅಲ್ಲೇ ಇತ್ತು. ಕಬ್ಬಿಣದ ಕಾಲುಗಳ ಮೇಲೆ ನೆಟ್ಟಗೆ ನಿಂತಿತ್ತು. ಬಿಳಿ ಬಣ್ಣ ಹಳದಿಗೆ ತಿರುಗಿತ್ತು, ಹಾಯಿಕಂಬದ ತುದಿಯಲ್ಲಿ ಕಾಗೆ ಗೂಡು ಕಟ್ಟಿತ್ತು. ದೋಣಿಯ ಮೇಲ್ಹಾಸಾದ ಡೆಕ್ಕಿನ ಮೇಲೆ ಅಫ್ರೋಜ ಬರಿಗಾಲಲ್ಲಿ ನಿಂತು, ಕಣ್ಣು ಮುಚ್ಚಿ, ಮೆಲ್ಲಗೆ ಮೇಲೆ ಕೆಳಗೆ ಆಡುತ್ತಿದ್ದ.

“ಮಾನಪ್ಪಾ, ಮ್ಯಾಲ ಬಾ. ಚಪ್ಪಲಿ ಬಿಟ್ಟು ಬಾ,” ಎಂದು ಕರೆದ.

ಮಾನಪ್ಪ ಏಣಿ ಹತ್ತಿದ. ದೋಣಿಯ ಮುಂಭಾಗದ ಅಗಲ ಜಾಗದಲ್ಲಿ ಕಾಲಿಟ್ಟೊಡನೆ ಡೆಕ್ಕು ಅವನ ಭಾರಕ್ಕೆ ತಗ್ಗಿತು, ಕಾಲೆತ್ತಿದರೆ ಉಬ್ಬಿತು. ಒಂದು ಸ್ಕ್ರೂವಿನ ಸಂದಿಯಿಂದ ಕಂದು ನೀರು ಇಣುಕಿ ನೋಡಿ ಮತ್ತೆ ಒಳಗೆ ಹೋಯಿತು.

“ಹೆಂಗೈತಿ? ಖರೇ ಹೇಳು.”

“ಮೆತ್ತಗೈತ್ರಿ.”

“ಅದಽ ಮತ್ತ! ಫಾರಿನ್ ಮಂದಿ ನೋಡಪಾ. ನಮ್ಮ ಮೀನಿನ ಬೋಟಿನಾಗ ನಿಂತ್ರ ಮಣಕಾಲು ಹಿಡಕೋತಾವು. ಇವರು ಒಳಗ ಸ್ಪಂಜ್ ಹಾಕ್ಯಾರ, ಸ್ಪಂಜ್!”

ಮಾನಪ್ಪ ಈ ಯಾರ್ಡಿಗೆ ಬರುವ ಮೊದಲು ವೆರ್ಣಾದ ಒಂದು ಶೆಡ್ಡಿನಲ್ಲಿ ಫೈಬರಿನ ನೀರಿನ ಟಾಕಿ ಮಾಡುತ್ತಿದ್ದವನು. ಗಾಜಿನೆಳೆಯ ಬಟ್ಟೆ ಹಾಸಿ, ಅಂಟು ಸವರಿ, ಗುಳ್ಳೆ ಒಡೆದು ಕೈ ಪಳಗಿತ್ತು. ಈ ಡೆಕ್ಕು ಹೋಳಿಗೆಯ ಹಾಗೆ ಎಂಬುದು ಅವನಿಗೆ ಗೊತ್ತಿತ್ತು: ಮೇಲೊಂದು ಫೈಬರಿನ ಹಾಳೆ, ಕೆಳಗೊಂದು ಹಾಳೆ, ನಡುವೆ ಹೂರಣದಂತೆ ಹಗುರ ಕಟ್ಟಿಗೆ. ಮೂರೂ ಕಚ್ಚಿಕೊಂಡಿದ್ದರೆ ಆನೆ ನಿಂತರೂ ಅಲ್ಲಾಡದು. ಕಂಬಿ, ಕೊಂಡಿಗಳನ್ನು ಬಿಗಿದ ತೂತುಗಳಿಂದ ವರ್ಷಗಟ್ಟಲೆ ನೀರು ಇಳಿದರೆ ಹೂರಣ ಹಳಸುತ್ತದೆ.

“ಅದು ಸ್ಪಂಜ್ ಅಲ್ರಿ, ಅಫ್ರೋಜಣ್ಣ. ಕಟಿಗಿ. ಕೊಳತೈತಿ,” ಎಂದ ಮಾನಪ್ಪ.

ಅಫ್ರೋಜ ಅವನನ್ನು ಕನಿಕರದಿಂದ ನೋಡಿದ. “ಕೊಳತ ಕಟಿಗಿ ಇಷ್ಟು ಸುಖಾ ಕೊಡ್ತೈತೇನು?”

ಎದುರಿಗಿದ್ದವರಿಗೆ ಇಲ್ಲ ಎನ್ನುವುದು ಮಾನಪ್ಪನ ಜಾಯಮಾನದಲ್ಲೇ ಇರಲಿಲ್ಲ. ಹಿಂದೊಮ್ಮೆ ಪಕ್ಕದ ಮನೆಯವರು ಮದುವೆಗೆ ಬಂದ ನೆಂಟರನ್ನು ಮಲಗಿಸಲು ಹಲಗೆ ಬೇಕೆಂದಾಗ ತನ್ನ ಮನೆಯ ಬಾಗಿಲನ್ನೇ ಕಿತ್ತುಕೊಟ್ಟು, ನೆಂಟರು ಊರಿಗೆ ಹೋಗುವ ತನಕ ಬಾಗಿಲ ಜಾಗಕ್ಕೆ ಹೆಂಡತಿಯ ಸೀರೆ ಕಟ್ಟಿ ಮಲಗಿದವನು ಅವನು.

ಆದರೂ ಕರ್ತವ್ಯವೆಂದು ಸುತ್ತಿಗೆ ತಂದ. ಅದರ ಹಿಡಿಕೆಯಿಂದ ಡೆಕ್ಕನ್ನು ಮೂಲೆಯಿಂದ ಮೂಲೆಗೆ ಬಡಿಯುತ್ತ ಹೋದ. ಗಟ್ಟಿ ಇದ್ದಲ್ಲಿ ‘ಟಣ್’ ಅನ್ನುತ್ತಿತ್ತು. ಕೆಟ್ಟಲ್ಲಿ ‘ಡಬ್’ ಎಂದು ನೆನೆದ ಹಲಗೆಯ ದನಿ. ಡಬ್ ಎಂದಲ್ಲೆಲ್ಲ ಸೀಮೆಸುಣ್ಣದಿಂದ ಸುತ್ತು ಹಾಕಿದ. ಸುತ್ತುಗಳು ಒಂದಕ್ಕೊಂದು ಕೂಡಿಕೊಂಡು ಸಮುದ್ರವೇ ಆಯಿತು. ಹಾಯಿಕಂಬದ ಬುಡದಲ್ಲಿ, ಅಂಚುಗಳಲ್ಲಿ ಕೆಲವು ಗಟ್ಟಿ ನಡುಗಡ್ಡೆಗಳು ಮಾತ್ರ ಉಳಿದವು.

ಅಫ್ರೋಜ ನಕ್ಷೆಯನ್ನು ಬಹಳ ಹೊತ್ತು ನೋಡಿದ. ಕೊನೆಗೆ ನಡುಗಡ್ಡೆಯೊಂದರ ಮೇಲೆ ಕಾಲಿಟ್ಟು ಮುಖ ಕಿವಿಚಿದ.

“ಅಂದ್ರ ಇವಿಷ್ಟು ಜಾಗಾ ಕೆಟ್ಟಾವು. ಕಾಲಿಗೆ ಒತ್ತಾಕತ್ತೈತಿ ನೋಡು. ಇವನ್ನೂ ಮೆತ್ತಗ ಮಾಡಿಬಿಡು. ಪೂರಾ ಒಂದಽ ನಮೂನಿ ಇರಬೇಕು.”

ಮಾನಪ್ಪನ ಬಾಯಿ ತೆರೆಯಿತು. ಅದರಿಂದ ಹೊರಬಂದದ್ದು, “ಹೂಂನ್ರಿ.”

ಮನೆಯಲ್ಲಿ ಹೆಂಡತಿ ಶಿವವ್ವ ಇದನ್ನು ಕೇಳಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಅವಳು ಪಣಜಿ ಸುತ್ತಮುತ್ತ ಕಟ್ಟಡಗಳಿಗೆ ಕಾಂಕ್ರೀಟು ಹೊರುವವಳು. ಗಟ್ಟಿಯಾಗದ ವಸ್ತುವಿನ ಬಗ್ಗೆ ಅವಳಿಗೆ ಹುಟ್ಟಾ ಅಸಹ್ಯ.

“ಇದ್ದ ಗಟ್ಟೀನ ಮೆತ್ತಗ ಮಾಡ್ತೀಯಾ? ನಾಳಿ ಯಾರರೆ ಬಂದು ನನ್ನ ಸ್ಲ್ಯಾಬ್ ಹಿಟ್ಟಿನಂಗ ಮಾಡಿಕೊಡ್ರಿ ಅಂದ್ರ ನಾ ಹೂಂ ಅನ್ಲೇನು?”

“ಅಂವಗ ಮನಸ್ಸು ನೋವಾಗ್ತೈತಿ,” ಎಂದ ಮಾನಪ್ಪ.

“ಯಾವನರೆ ಬಿದ್ರ ಸೊಂಟಾ ನೋವಾಗ್ತೈತಿ,” ಎಂದು ಶಿವವ್ವ ಮತ್ತೆ ರೊಟ್ಟಿ ಬಡಿಯತೊಡಗಿದಳು.

ಹೀಗೆ ಆ ಮಳೆಗಾಲ ಮಾನಪ್ಪ ಯಾರೂ ಮಾಡದ ಕೆಲಸ ಮಾಡಿದ. ದೋಣಿಗೆ ಹೊದಿಸಿದ್ದ ತಾಡಪತ್ರಿ ತೆಗೆದ. ಕೊಂಡಿಗಳ ನಟ್ಟು ಸಡಿಲಿಸಿ, ಸುತ್ತಲಿನ ಹಳೆಯ ಅಂಟನ್ನು ಚಾಕುವಿನಿಂದ ಕೆರೆದು, ಮಳೆ ನೀರಿಗೆ ದಾರಿ ಮಾಡಿಕೊಟ್ಟ. ಬಿಸಿಲು ಬಿದ್ದ ದಿನ ಚಹಾದ ಕಿಟಲಿಯಿಂದ ತಾನೇ ತೂತುತೂತಿಗೆ ನೀರು ಹನಿಸಿದ, ಸಸಿಗಳಿಗೆ ಹನಿಸಿದಂತೆ. ಮೊದಮೊದಲು ಯಾರಾದರೂ ನೋಡಿಯಾರೆಂದು ನಾಚಿಕೆಯಾಗುತ್ತಿತ್ತು. ಆಮೇಲೆ ಅದೆಲ್ಲಿಂದಲೋ ಕೆಲಸದ ಹಟ ಹತ್ತಿತು. ಅಂಚಿನ ಗಟ್ಟಿ ಭಾಗ ಒಂದಿಷ್ಟೂ ಬಗ್ಗದಿದ್ದಾಗ ಬೆಲ್ಲದ ನೀರು ಬಿಟ್ಟು ನೋಡಿದ. ಇರುವೆಗಳು ಬಂದವು, ಸಾಲುಗಟ್ಟಿ ಒಳಗೆ ಹೋದವು, ಕಟ್ಟಿಗೆಯ ಪುಡಿ ಹೊತ್ತು ಹೊರಬಂದವು. ಮಾನಪ್ಪನಿಗೆ ಅಷ್ಟು ಸಂತೋಷವಾಗಿ ಎಷ್ಟೋ ಕಾಲವಾಗಿತ್ತು. ಬಡಿದಲ್ಲೆಲ್ಲ ಡಬ್, ಡಬ್, ಡಬ್. ಮಳೆ ನಿಲ್ಲುವ ಹೊತ್ತಿಗೆ ಇಡೀ ಡೆಕ್ಕಿನಲ್ಲಿ ಒಂದು ಟಣ್ ಉಳಿಯಲಿಲ್ಲ.

ಅಫ್ರೋಜ ಬಂದು ಮೂಲೆಯಿಂದ ಮೂಲೆಗೆ ನಡೆದ. ಅವನ ಕಣ್ಣಲ್ಲಿ ನೀರು ಬಂತು. “ಮಖಮಲ್ಲು ಮಾಡೀಯಪಾ,” ಎಂದು ಮಾನಪ್ಪನನ್ನು ತಬ್ಬಿಕೊಂಡ. ತಬ್ಬಿಕೊಂಡ ಇಬ್ಬರ ಭಾರಕ್ಕೆ ಕೆಳಗೆಲ್ಲೋ ಚರಕ್ ಎಂದಿತು. ಮಾನಪ್ಪನಿಗೆ ಆಗ ಎಚ್ಚರವಾಯಿತು, ನಿದ್ದೆಯಲ್ಲಿ ನಡೆದು ಬಾವಿಕಟ್ಟೆಯ ಮೇಲೆ ಕಣ್ಣು ಬಿಟ್ಟವನಂತೆ.

ಅಷ್ಟರಲ್ಲಿ ಅಫ್ರೋಜ ಇನ್ನೊಂದು ಮಾತು ಹೇಳಿಯಾಗಿತ್ತು. ಅವನ ತಂಗಿ ಬುಶ್ರಾಳ ಸಂಬಂಧದ ಮಾತುಕತೆ ಈ ಡೆಕ್ಕಿನ ಮೇಲೆಯೇ ನಡೆಯಲಿದೆ.

ಬುಶ್ರಾ ವೆರ್ಣಾದ ಒಂದು ಪ್ಯಾಕಿಂಗ್ ಕಾರ್ಖಾನೆಯಲ್ಲಿ ಪಾಳಿಯ ಮೇಲ್ವಿಚಾರಕಿ. ಯಂತ್ರಗಳ ಗದ್ದಲದ ಮೇಲೆ ಕೂಗಿ ಕೂಗಿ ಅವಳ ಸಾದಾ ಮಾತೂ ಜಗಳದಂತೆ ಕೇಳುತ್ತಿತ್ತು. ಹುಡುಗ ಆರಿಫ ಸಾವರ್ಡೆಯಲ್ಲಿ ಅದಿರು ಲಾರಿಗಳ ಮೆಕ್ಯಾನಿಕ್. ಅವನೂ ಅವಳೂ ಮೊದಲೇ ಒಪ್ಪಿದ್ದರು. ಒಪ್ಪದವಳು ಆರಿಫನ ಅಜ್ಜಿ ಲಾಡಬಿ. ಇಂಡಿ ಕಡೆಯ ಈ ದೊಡ್ಡ ಮೈಯ ಮುದುಕಿ ಗಂಡನ ಲಾರಿಯ ಕ್ಲೀನರ್ ಸೀಟಿನಲ್ಲಿ ಕೂತು ಗೋವಾಕ್ಕೆ ಬಂದವಳು, ಮನೆಯಲ್ಲಿ ಅವಳ ಮಾತು ಮೀರುವವರಿರಲಿಲ್ಲ. ಬಸ್ಸಿನವರ ಮನೆಯ ಹೆಣ್ಣು ಬೇಡವೆಂದು ಹೇಳಲೆಂದೇ ಅವಳು ಬರುತ್ತಿದ್ದಾಳೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಮೆತ್ತನೆಯ ಡೆಕ್ಕಿನ ಮೇಲೆ ಕಾಲಿಟ್ಟರೆ ಮುದುಕಿಯ ಮನಸ್ಸೂ ಮೆತ್ತಗಾಗುತ್ತದೆ ಎನ್ನುವುದು ಅಫ್ರೋಜನ ಲೆಕ್ಕಾಚಾರ.

“ಕೆಳಗ ಶಾಮಿಯಾನಾ ಹಾಕೂಣ್ರಿ,” ಎಂದು ಮಾನಪ್ಪ ಬೇಡಿಕೊಂಡ. “ಮ್ಯಾಲ ಬಿಸಲು ಭಾಳ ಐತಿ.”

“ಶಾಮಿಯಾನಾ ಡೆಕ್ಕಿನ ಮ್ಯಾಲೇ ಹಾಕೂಣ,” ಎಂದ ಅಫ್ರೋಜ.

ಮಾನಪ್ಪ ಕೆಲವು ಹಲಗೆಗಳನ್ನು ಅಡ್ಡಡ್ಡ ಹಾಕಿದ. ಅಫ್ರೋಜ ಅವನ್ನು ಒಂದೊಂದಾಗಿ ತೆಗೆಸಿದ. ಗಟ್ಟಿ ಹಲಗೆಯ ಮೇಲೆ ನಡೆಯಲು ಅವರು ಸಾವರ್ಡೆಯಿಂದ ಬರಬೇಕೇ?

ನೆಂಟರು ಮಧ್ಯಾಹ್ನದ ನಮಾಜು ಮುಗಿಸಿಕೊಂಡು ಬಂದರು. ಮಾನಪ್ಪ ಏಣಿಯ ಹತ್ತಿರ ನಿಂತು ಒಬ್ಬೊಬ್ಬರನ್ನೂ ಅಂಚಿನಲ್ಲಿ ನಡೆಸಿದ, ಗೋಡೆ ಹಿಡಿದು ನಡೆಯುವ ಮಕ್ಕಳನ್ನು ನಡೆಸುವಂತೆ. ಎಲ್ಲರೂ ಕೇಳಿದರು. ಲಾಡಬಿ ಕೇಳಲಿಲ್ಲ. ಏಣಿಯ ಒಂದೊಂದು ಮೆಟ್ಟಿಲಿಗೂ ಮೊಣಕಾಲನ್ನು ಬಯ್ಯುತ್ತ ಮೇಲೆ ಬಂದವಳು, ದಪ್ಪ ಇಳಕಲ್ಲ ಸೀರೆಯ ನಿರಿಗೆ ಎತ್ತಿ, ಸೀದಾ ನಡುಭಾಗಕ್ಕೆ ಹೊರಟಳು.

“ಅಜ್ಜೀ, ದಂಡಿಗುಂಟ ಬರ್ರಿ, ದಂಡಿಗುಂಟ!”

“ನಾ ಏನು ಇಲೀನಾ, ಗ್ವಾಡಿಗುಂಟ ಹೋಗಾಕ?”

ನಟ್ಟನಡುವೆ ನಿಂತಳು. ಯಾರೋ ಜಿಲೇಬಿಯ ತಟ್ಟೆ ಕೊಟ್ಟರು. ಬುಶ್ರಾ ಕೆಳಗಿನ ಕ್ಯಾಬಿನ್ನಿನಲ್ಲಿ ಕರೆಗಾಗಿ ಕಾಯುತ್ತ ಕುಳಿತಿದ್ದಳು. ಲಾಡಬಿ ಗಂಟಲು ಸರಿಮಾಡಿಕೊಂಡು, “ನಾ ಬಂದದ್ದು ಯಾಕಂದ್ರ...” ಎಂದು ಆರಂಭಿಸಿ, ಇಳಿಯತೊಡಗಿದಳು.

ಅದು ಬೀಳುವುದಾಗಿರಲಿಲ್ಲ. ದೊಡ್ಡ ಸದ್ದಿಲ್ಲ, ಚೀರಾಟವಿಲ್ಲ. ಬಿಸಿ ಸಂಗಟಿ ಮುದ್ದೆಯೊಳಗೆ ಮರದ ಹುಟ್ಟು ಇಳಿಯುವಂತೆ, ತಟ್ಟೆ ಹಿಡಿದ ಕೈ ಹಿಡಿದಂತೆಯೇ, ಲಾಡಬಿ ನಿಧಾನವಾಗಿ ಡೆಕ್ಕಿನೊಳಗೆ ಹೋದಳು. ಸೊಂಟದ ತನಕ ಹೋಗಿ ನಿಂತಳು. ಒಂದು ಜಿಲೇಬಿಯೂ ಚೆಲ್ಲಲಿಲ್ಲ. ಅವಳ ಕಾಲುಗಳು ಕೆಳಗಿನ ಮಲಗುವ ಹಲಗೆಯ ಮೇಲೆ ಊರಿದ್ದವು.

ತಮ್ಮ ಕಾಲ ಕೆಳಗೂ ಅದೇ ಡೆಕ್ಕಿದೆ ಎಂಬುದು ಹೊಳೆದು ನೆಂಟರು ಉಸಿರು ಬಿಗಿಹಿಡಿದು, ಒಬ್ಬೊಬ್ಬರಾಗಿ ಏಣಿಯ ಕಡೆ ಸರಿದರು. ಅಫ್ರೋಜ ಮಾತ್ರ ಮಾತಾಡಿದ.

“ನೋಡ್ರಿ, ಎಷ್ಟು ಮೆತ್ತಗ ಇಳಿದ್ರು! ಗಟ್ಟಿ ಇದ್ದಿದ್ರ ಎಲುಬು ಮುರೀತಿತ್ತು.”

ಆರಿಫ ಅಜ್ಜಿಯ ರಟ್ಟೆ ಹಿಡಿದು ಎಳೆದ. ಅವಳು ಹಾಯ್ ಎಂದಳು. ಒಡೆದ ಫೈಬರಿನ ಚೂಪು ತುದಿಗಳೆಲ್ಲ ಕೆಳಮುಖವಾಗಿ ಬಾಗಿ ಅವಳ ನಿರಿಗೆಯನ್ನು ಕಚ್ಚಿಕೊಂಡಿದ್ದವು; ಬಿದಿರು ಹೆಣೆದ ಕೂಳಿಬುಟ್ಟಿಯೊಳಗೆ ಹೊಕ್ಕ ಮೀನಿನ ಹಾಗೆ, ಒಳಗೆ ಬರಬಹುದು, ಹೊರಗೆ ಹೋಗಲಾಗದು. ಸೀರೆ ದಪ್ಪವಿದ್ದದ್ದರಿಂದ ಚರ್ಮ ಉಳಿದಿತ್ತು.

“ಎಳೀಬ್ಯಾಡ್ರಿ,” ಎಂದ ಮಾನಪ್ಪ. “ಕತ್ತರಿಸಬೇಕು.”

“ಡೆಕ್ಕು ಕತ್ತರಸ್ತೀಯಾ?” ಅಫ್ರೋಜನ ದನಿ ಒಡೆಯಿತು. “ಎಣ್ಣಿ ಸುರದು ಎಳದ್ರ ಬರ್ತಾರ. ಡೆಕ್ಕಿಗೆ ಕೈ ಹಚ್ಚಬ್ಯಾಡ.”

“ಇಲ್ಲ,” ಎಂದ ಮಾನಪ್ಪ.

ಹೇಳಿದ ಮೇಲೆ ತಾನೇ ಹಿಂದೆ ತಿರುಗಿ ನೋಡಿದ, ಯಾರಂದರು ಎಂದು. ಹಿಂದೆ ಯಾರೂ ಇರಲಿಲ್ಲ. ಕೆಳಗೆ ಯಾರ್ಡಿನ ನೆಲದ ಮೇಲೆ ನಿಂತಿದ್ದ ಶಿವವ್ವ ಮಾತ್ರ ಗಂಡನನ್ನು ಹೊಸ ಮನುಷ್ಯನನ್ನು ನೋಡುವಂತೆ ನೋಡುತ್ತಿದ್ದಳು.

ಮಾನಪ್ಪ ಗ್ರೈಂಡರ್ ತಂದ. ಅದರ ಗಾಲಿ ಕಿರ್‍ರ್ ಎಂದದ್ದೇ ಲಾಡಬಿ ಜಿಲೇಬಿ ಎತ್ತಿ ಹೊಡೆದಳು.

“ನನ್ನ ನಡಾ ಏನು ಪೈಪಾ? ದೂರ ಒಯ್ಯಿ ಅದನ್ನ!”

ಹಾಗಾದರೆ ಕೆಳಗಿನಿಂದಲೇ ಚೂರುಗಳನ್ನು ಒಂದೊಂದಾಗಿ ಮುರಿಯಬೇಕು. ಮಾನಪ್ಪ ಇಕ್ಕಳ ಹಿಡಿದು ಕ್ಯಾಬಿನ್ನಿಗೆ ಇಳಿದ. ಆದರೆ ಮುದುಕಿಯ ಸೀರೆಯ ಸುತ್ತ ಪರಗಂಡಸು ಕೈಯಾಡಿಸುವುದೆಂತು? ಅವನು ಬಾಗಿಲಲ್ಲೇ ಮುಖ ತಿರುಗಿಸಿ ನಿಂತು, ಇಕ್ಕಳವನ್ನು ಬುಶ್ರಾಳಿಗೆ ಕೊಟ್ಟ. ಹಸಿರು ರೇಷ್ಮೆ ಉಟ್ಟು, ಮೆಹಂದಿ ಹಚ್ಚಿಕೊಂಡು ಕೂತಿದ್ದ ಬುಶ್ರಾ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮಾಡಿನಿಂದ ಮುಂದಿನ ಅತ್ತೆಮನೆಯ ಅರ್ಧ ಯಜಮಾನಿಕೆ ಅವಳೆದುರು ಇಳಿದು ನಿಂತಿತ್ತು.

“ಕೆಳಗಿನ ಚೂರು ಮೊದಲು ಮುರೀರಿ,” ಎಂದ ಮಾನಪ್ಪ ಗೋಡೆಗೆ ಮುಖಮಾಡಿ. “ಆಮ್ಯಾಲ ಸೀರಿ ಬಿಡಸ್ರಿ.”

ಬುಶ್ರಾ ಮುರಿಯತೊಡಗಿದಳು. ಲಾಡಬಿಯ ಕಾಲು ಒದೆಯಿತು.

“ಏ! ಕಾಲು ಅಲ್ಲಾಡಸಬ್ಯಾಡ್ರಿ!” ಬುಶ್ರಾಳ ಕಾರ್ಖಾನೆಯ ದನಿ ಡೆಕ್ಕನ್ನು ತೂರಿ ಮೇಲೆ ಬಂತು.

ಲಾಡಬಿ ಬೆಚ್ಚಿಬಿದ್ದಳು. “ಯಾರದು ಕೆಳಗ?”

“ಯಾರರೆ ಇರಲಿ! ಸುಮ್ಮ ನಿಂದರ್ರಿ!”

“ಕಚಗುಳಿ ಆಗಾಕತ್ತೈತಿ!”

“ಆದ್ರ ನಗ್ರಿ! ಒದೀಬ್ಯಾಡ್ರಿ!”

ಸಾವರ್ಡೆಯ ನೆಂಟರು ನೆಲದ ಮೇಲೆ ನಿಂತು ನಡುಗಿದರು. ಲಾಡಬಿಗೆ ಹೀಗೆ ಮಾತಾಡಿದವರು ಯಾರೂ ಇರಲಿಲ್ಲ. ಮುದುಕಿಯ ಮುಖ ಮೊದಲು ಕೆಂಪಾಯಿತು. ಆಮೇಲೆ ಅವಳು ಎರಡೂ ಕೈ ಡೆಕ್ಕಿನ ಮೇಲೆ ಊರಿ, ಅಡುಗೆಕಟ್ಟೆಗೆ ಒರಗಿದಂತೆ ಒರಗಿ, ಜಗಳಕ್ಕೆ ಕುಳಿತಳು, ಅಂದರೆ ನಿಂತಳು. ಇಬ್ಬರೂ ಎಲ್ಲದಕ್ಕೂ ಜಗಳವಾಡಿದರು. ಜೋಳದ ರೊಟ್ಟಿಗೆ ಬಿಸಿನೀರು ಹಾಕಬೇಕೋ ತಣ್ಣೀರೋ, ಹೆಣ್ಣುಮಕ್ಕಳು ರಾತ್ರಿ ಪಾಳಿಗೆ ಹೋಗಬಹುದೋ ಬಾರದೋ, ಲಾರಿ ದೊಡ್ಡದೋ ಬಸ್ಸು ದೊಡ್ಡದೋ. ಕೆಳಗಿನಿಂದ ಒಂದು ಚೂರು ಕಟಕ್ ಎಂದು ಮುರಿದಾಗಲೆಲ್ಲ ಮೇಲಿನವಳು ಒಂದು ಮಾತು ಹೆಚ್ಚು ಹೇಳುತ್ತಿದ್ದಳು. ನಡುವೆ ಚಹಾ ತರಿಸಿಕೊಂಡಳು. ಹೊಳೆಯ ಗಾಳಿ ಬೀಸುತ್ತಿತ್ತು, ಭಾರವೆಲ್ಲ ಡೆಕ್ಕಿನ ಮೇಲಿದ್ದುದರಿಂದ ಮೊಣಕಾಲಿನ ನೋವು ಎಲ್ಲಿ ಹೋಯಿತೋ ತಿಳಿಯದು.

ಕೊನೆಗೆ ಬುಶ್ರಾ, “ಆತು, ಈಗ ಎತ್ರಿ,” ಎಂದಳು. ಶಿವವ್ವ ಏಣಿ ಹತ್ತಿ, ತೆಗೆದಿಟ್ಟಿದ್ದ ಹಲಗೆಯೊಂದನ್ನು ಅಡ್ಡ ಹಾಕಿ ಅದರ ಮೇಲೆ ನಿಂತು, ಕಾಂಕ್ರೀಟಿನ ಬುಟ್ಟಿ ಎತ್ತುವ ರಟ್ಟೆಯಿಂದ ಮುದುಕಿಯನ್ನು ಕಂಕುಳಿಗೆ ಕೈಕೊಟ್ಟು ಎತ್ತಿದಳು. ಲಾಡಬಿ ಹೊರಬಂದಳು. ಆದರೆ ಅವಳ ಮುಖದಲ್ಲಿ ಸಂತೋಷವಿರಲಿಲ್ಲ. ನಡುವೆ ಬಿಟ್ಟುಬಂದ ಮಾತಿನ ಚಡಪಡಿಕೆ ಇತ್ತು. ಅವಳು ತೂತಿನೊಳಗೆ ಬಗ್ಗಿ ನೋಡಿದಳು. ಕೆಳಗೆ ಮೈತುಂಬ ಕಟ್ಟಿಗೆಯ ಕೆಸರು ಮೆತ್ತಿಕೊಂಡ ಹುಡುಗಿ ಇಕ್ಕಳ ಹಿಡಿದು ಮೇಲೆ ನೋಡುತ್ತಿದ್ದಳು.

“ಇಕಿ ಯಾರು?”

“ನನ್ನ ತಂಗಿರಿ,” ಎಂದ ಅಫ್ರೋಜ ಸಣ್ಣ ದನಿಯಲ್ಲಿ.

ಲಾಡಬಿ ಮತ್ತೆ ಬಗ್ಗಿದಳು. “ರೊಟ್ಟಿಗೆ ಬಿಸಿನೀರಽ ಹಾಕಬೇಕು,” ಎಂದಳು ತೂತಿನೊಳಗೆ. “ಮನಿಗೆ ಬಾ, ತೋರಸ್ತೀನಿ.”

ಮಾತುಕತೆ ಅಲ್ಲಿಗೆ ಮುಗಿಯಿತು.

ಮರುದಿನದಿಂದ ಮಾನಪ್ಪ ಡೆಕ್ಕಿನ ಮೇಲಿನ ಹಾಳೆಯನ್ನು ದೊಡ್ಡ ದೊಡ್ಡ ತುಂಡುಗಳಲ್ಲಿ ಕತ್ತರಿಸಿ ಎತ್ತಿದ. ಒಳಗಿನ ಕಟ್ಟಿಗೆ ನೆನೆಹಾಕಿದ ಅವಲಕ್ಕಿಯಂತೆ ಕೈಗೆ ಬಂತು, ಕಪ್ಪಗೆ, ಹುಳಿ ವಾಸನೆಯೊಂದಿಗೆ. ಇರುವೆಗಳು ಮೊಟ್ಟೆ ಹೊತ್ತು ವಲಸೆ ಹೊರಟವು. ತಾನೇ ಬೆಲ್ಲ ಉಣ್ಣಿಸಿ ಕರೆತಂದವುಗಳನ್ನು ತಾನೇ ಓಡಿಸಬೇಕಾಗಿ ಬಂದದ್ದಕ್ಕೆ ಮಾನಪ್ಪನಿಗೆ ತುಸು ಸಂಕಟವಾಯಿತು. ಶಿವವ್ವ ರಜೆಯ ದಿನ ಬಂದು ಉಳಿದದ್ದನ್ನು ಉಳಿಯಿಂದ ಕೆರೆದು ಬುಟ್ಟಿಗಟ್ಟಲೆ ಹೊರಹಾಕಿದಳು. ಶಾದಿಮಹಲಿನಿಂದ ದೊಡ್ಡ ಫ್ಯಾನುಗಳನ್ನು ತಂದು ಕೆಳಗಿನ ಹಾಳೆ ಬೂದಿಯಂತೆ ಒಣಗುವ ತನಕ ಗಾಳಿ ಹಾಕಿದರು. ಆಮೇಲೆ ಹೊಸ ಹಗುರ ಕಟ್ಟಿಗೆಯನ್ನು ಗಟ್ಟಿ ಅಂಟಿನಲ್ಲಿ ಕೂರಿಸಿ, ಮೇಲೆ ಮರಳಿನ ಚೀಲಗಳನ್ನು ಹೇರಿ, ಹಳೆಯ ಹಾಳೆಯನ್ನೇ ಮತ್ತೆ ಮುಚ್ಚಿ, ಮುದುಕಿಯ ತೂತಿನ ಜಾಗಕ್ಕೆ ಹೊಸ ತುಂಡು ಹಾಕಿದರು. ಜೋಡಣೆಯ ಅಂಚುಗಳನ್ನು ಇಳಿಜಾರಾಗಿ ಉಜ್ಜಿ, ಬಟ್ಟೆಯ ಪದರ ಪದರ ಹಾಸಿದರು. ನಟ್ಟು ಕೂರುವ ಒಂದೊಂದು ತೂತನ್ನೂ ಮಾನಪ್ಪ ದೊಡ್ಡದಾಗಿ ಕೊರೆದು, ಅಂಟು ತುಂಬಿ, ಅದು ಕಲ್ಲಾದ ಮೇಲೆ ಅದರ ನಡುವೆ ಮತ್ತೆ ಸಣ್ಣ ತೂತು ಕೊರೆದ. ಇನ್ನು ನೀರು ಬಂದರೂ ಕಟ್ಟಿಗೆಯ ಮುಖ ಕಾಣದು.

“ನಮ್ಮ ಕಾಂಕ್ರೀಟಿನಂಗ ಕ್ಯೂರಿಂಗ್ ಬ್ಯಾಡೇನು? ನೀರು ಹೊಡೀಲಾ?” ಎಂದು ಶಿವವ್ವ ಕೇಳಿದಳು, ಬೇಕೆಂದೇ.

ಅಫ್ರೋಜ ಆ ದಿನಗಳಲ್ಲಿ ಯಾರ್ಡಿನ ಕಡೆ ಬರಲಿಲ್ಲ. ತೂತಿನ ಸುತ್ತ ಕತ್ತರಿಸಿ ಬಿಸಾಡಿದ ಮೆತ್ತನೆಯ ತುಂಡೊಂದನ್ನು ಕೆಳಗಿನ ಹಾಳೆ, ಕೊಳೆತ ಕಟ್ಟಿಗೆ ಸಮೇತ ಮನೆಗೆ ತರಿಸಿ ಹೊಸ್ತಿಲ ಮುಂದೆ ಹಾಕಿಕೊಂಡಿದ್ದಾನೆ ಎಂದು ಬುಶ್ರಾ ಹೇಳಿದಳು. ಒಣಗಿ ಗಟ್ಟಿಯಾಗುತ್ತದೆಂದು ದಿನಾ ಅದಕ್ಕೆ ನೀರು ಚಿಮುಕಿಸುತ್ತಾನಂತೆ. ನೆಂಟರು ಬಂದರೆ ಅದರ ಮೇಲೆ ನಿಂತು ಹೋಗಿ ಎನ್ನುತ್ತಾನಂತೆ.

ಮದುವೆಗೆ ಮುಂಚೆ ಹೊಸ ಡೆಕ್ಕನ್ನೊಮ್ಮೆ ನೋಡಬೇಕೆಂದು ಲಾಡಬಿ ಬಂದಳು. ಏಣಿಯನ್ನು ಬಯ್ಯುತ್ತ ಹತ್ತಿ, ನಡುವೆ ಹೋಗಿ, ಎರಡೂ ಕಾಲಿನಿಂದ ಕುಟ್ಟಿದಳು. ಮಾನಪ್ಪ ಕಣ್ಣು ಮುಚ್ಚಿದ. ಏನೂ ಆಗಲಿಲ್ಲ. ಅವಳು ಒಂದು ಹೆಜ್ಜೆ ಸರಿದು ಮತ್ತೆ ಕುಟ್ಟಿದಳು, ಮತ್ತೊಂದು ಹೆಜ್ಜೆ, ಮತ್ತೆ ಕುಟ್ಟಿದಳು. ಹುಡುಕುತ್ತಿದ್ದಾಳೆಂದು ಮಾನಪ್ಪನಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು.

“ಎಲ್ಲಾ ಗಟ್ಟಿ ಮಾಡಿಬಿಟ್ಟೀಯಲ್ಲೋ ತಮ್ಮಾ. ಆ ಹುಡುಗಿ ಕೆಳಗ ಅದಾಳೇನು?”

“ಅದಾರ್ರಿ. ಒಳಗ ಬಣ್ಣಾ ಹಚ್ಚಾಕತ್ತಾರ. ಅಲ್ಲಿ ಮೆಟ್ಟಲ ಅದಾವು, ಇಳೀರಿ.”

“ಮೆಟ್ಟಲಾ ನನ್ನ ಮಣಕಾಲಿಗೆ ಆಗಂಗಿಲ್ಲ.” ಅವಳು ಅಲ್ಲೇ ಕುಕ್ಕರಿಸಿ ಕೂತು, ಬಾಯನ್ನು ಡೆಕ್ಕಿನ ಹತ್ತಿರ ತಂದು ಕೂಗಿದಳು: “ಬುಶ್ರಾ! ನಿಂದು ತಪ್ಪು! ಲಾರೀನಽ ದೊಡ್ಡದು!”

ಮುದುಕಿ ಕಿವಿಯಿಟ್ಟಳು. ಕೆಳಗೆ ಹುಡುಗಿ ಏನೋ ಕೂಗುತ್ತಿರುವ ಹಾಗಿತ್ತು, ಆದರೆ ಹೊಸ ಡೆಕ್ಕು ಮಾತನ್ನು ಬಿಡಲಿಲ್ಲ. ಗುಂಯ್ ಎಂದಷ್ಟೇ ಕೇಳಿತು. ಲಾಡಬಿ ಮಾನಪ್ಪನ ಕಡೆ ನೋಡಿದ ನೋಟದಲ್ಲಿ ಡೆಕ್ಕು ಕತ್ತರಿಸುವ ಮಾತೆತ್ತಿದಾಗ ಅಫ್ರೋಜನಿಗಾದಷ್ಟೇ ದುಃಖವಿತ್ತು. ಮಾನಪ್ಪ ತಪ್ಪಿತಸ್ಥನಂತೆ ಕೈಯೊರೆಸಿಕೊಂಡ.

ಸ್ವಲ್ಪ ಹೊತ್ತಿಗೆ ಬುಶ್ರಾ ಬ್ರಷ್ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದಳು, ಮೂಗಿನ ತುದಿಗೆ ಬಿಳಿ ಬಣ್ಣ.

“ಏನಂದ್ರಿ?”

“ಏನಿಲ್ಲ,” ಎಂದು ಲಾಡಬಿ ಪಕ್ಕಕ್ಕೆ ಸರಿದು ಜಾಗ ಮಾಡಿದಳು. “ಕುಂಡರು ಬಾ.”

ಬುಶ್ರಾ ಕುಳಿತಳು. ಹೊಳೆಯಲ್ಲಿ ಅದಿರು ತುಂಬಿದ ಬಾರ್ಜು ಹಡಗೊಂದು ನಿಧಾನವಾಗಿ ಹೋಗುತ್ತಿತ್ತು. ಲಾರಿ, ಬಸ್ಸು ಎರಡಕ್ಕಿಂತಲೂ ಅದು ದೊಡ್ಡದಿತ್ತು. ಇಬ್ಬರೂ ಅದನ್ನು ನೋಡಿಯೂ ನೋಡದವರಂತೆ ಜಗಳ ಶುರುಮಾಡಿದರು.